ಮಾಪ್ಸಾದಾಗ ತಗೊಂಡ ಗ್ಲೌಸ್, ಮಾಸ್ಕ್: ಗ್ಲೌಸಿಗೆ 4 ಸ್ಟಾರ್, ಮಾಸ್ಕಿಗೆ 2

ನಾವು ಹಾವೇರಿ ಕಡೆಯವ್ರು, ಗೋವಾದಾಗ ವಾಳಪೈ ಕಡೆ ಗಿಡ ಹಚ್ಚೋ ಕೆಲಸಕ್ಕ ಮಂದಿ ಕರ್ಕೊಂಡ ಬರ್ತೀನಿ, ಈ ಸಲ 14 ಮಂದಿ, ಅದರಾಗ 9 ಹೆಣ್ಮಕ್ಳು. ಗೋಡಂಬಿ ಸಸಿ, ಜೂನ್ ಮಳಿ ಹಿಡದ ಮ್ಯಾಲೆ ಗುಂಡಿಗೆ ಡಿಎಪಿ ಗೊಬ್ಬರ, ಆಮ್ಯಾಲೆ ಯೂರಿಯಾ. ಹೋದ ವರ್ಷ ಎಲ್ಲಾರೂ ಬರಿಗೈಲೇ ಹಾಕಿದ್ರು, ಹದಿನೈದು ದಿನಕ್ಕ ಉಗುರು ಸಂದ್ಯಾಗ ಬಿರುಕು ಬಿಟ್ಟು ರಾತ್ರಿ ರೊಟ್ಟಿ ಮುರಿಯಾಕ ಆಗಂಗಿಲ್ಲ ಅಂತಿದ್ರು, ಖಾರದ ಪಲ್ಯಾ ಮುಟ್ಟಿದ್ರಂತೂ ಕೇಳಬ್ಯಾಡ್ರಿ. ಅದಕ್ಕ ಈ ಸಲ ಶುಕ್ರವಾರದ ಸಂತಿಗೆ ಮಾಪ್ಸಾಕ್ಕ ಹೋದಾಗ ಬಾಜೂಕಿನ ಸೇಫ್ಟಿ ಸಾಮಾನಿನ ಅಂಗಡ್ಯಾಗ ನೈಟ್ರೈಲ್ (ಒಂಥರಾ ರಬ್ಬರ್) ಗ್ಲೌಸ್ 14 ಜೋಡಿ, ಒಂದ್ ಡಬ್ಬಿ ಎನ್95 ಮಾಸ್ಕ್ ತಗೊಂಡ್ವಿ.

ಗ್ಲೌಸ್ ಛಲೋ ಅದಾವ್ರಿ. ಹಸಿರು, ಮೊಳಕೈ ಸನೇಕ ಬರ್ತಾವು, ತೋಳಿನಿಂದ ಗೊಬ್ಬರ ಒಳಗ ಇಳಿಯಂಗಿಲ್ಲ. ಮೊದ್ಲ ನೂಲಿನ ಗ್ಲೌಸ್ ಕೊಟ್ಟು ನೋಡಿದ್ದೆ, ಅವು ಬರಿಗೈಗಿಂತ ಕೆಟ್ಟ, ಬೆವರಿಗೆ ತೊಯ್ದು ಯೂರಿಯಾ ಅದರಾಗ ಕರಗಿ ಸಂಜೀತನಕ ಚರ್ಮಕ್ಕ ಹತ್ಕೊಂಡೇ ಇರ್ತೈತಿ. ಹಸಿ ಕೈಯಾಗ ಯೂರಿಯಾ ಹಿಡದ್ರ ಐಸ್ ಮುಟ್ಟಿದಂಗ ತಣ್ಣಗ ಹತ್ತತೈತಿ, ಕರಗೂ ಮುಂದ ಅದು ಶಾಖಾ ಎಳಕೊಂತೈತಿ, ನಮ್ಮ ಹೆಣ್ಮಕ್ಳು ಅದನ್ನ ಹಿತಾ ಅನ್ಕೊಂಡ್ ಮತ್ತಿಷ್ಟು ಹೊತ್ತು ಹಿಡ್ಕೊಂತಾರ! ಹಿಮ್ಮಡಿ ಒಡಕಿನ ಕ್ರೀಮನ್ಯಾಗೂ ಯೂರಿಯಾ ಇರ್ತೈತಲ್ಲ ಅಂತ ಒಬ್ಬ ವಾದಾ ಮಾಡ್ದ. ಇರ್ತೈತಿ ತಮ್ಮಾ, ಅದು ಅಳತಿ ಹಾಕಿ ಮಾಡಿದ್ದು, ಇದು 45 ಕೆಜಿ ಚೀಲ.

ಮಾಸ್ಕಿನ ಕಥಿ ಬ್ಯಾರೆ. ಇಲ್ಲಿ ಹವಾದಾಗ ಚೀಲ ಬಿಚ್ಚಿ ಎರಡ ದಿನಕ್ಕ ಗೊಬ್ಬರ ಹೆಂಟಿ ಕಟ್ಟತೈತಿ, ಅದನ್ನ ಕುಟ್ಟೂ ಮುಂದ ಏಳೋ ಪುಡಿ ಮೂಗಿಗೆ ಹೋಗಿ ಸೀನು, ಗಂಟಲ ಕೆರತ, ಆ ಪುಡಿಗೆ ಈ ಮಾಸ್ಕ್ ನಡೀತೈತಿ. ಆದ್ರ ಮಳ್ಯಾಗ, ಬೆವರಿನ್ಯಾಗ ಅರ್ಧಾ ತಾಸಿಗೆ ತೊಯ್ದು ಮೂಗಿಗೆ ಅಂಟಿ ಉಸುರಾಡಾಕ ಆಗಂಗಿಲ್ಲ, ಎಲ್ಲಾರೂ ಗದ್ದಕ್ಕ ಇಳಿಸಿ ಬಿಡ್ತಾರ. ಅಂಗಡಿಯವ್ರು "ಗ್ಯಾಸೂ ತಡೀತೈತಿ" ಅಂದಿದ್ರು, ಅದು ಶುದ್ಧ ಸುಳ್ಳು. ನಮ್ಮ ಶೆಡ್ಡು ಸೋರಿ ಯೂರಿಯಾ ಸಗಣಿ ಗೊಬ್ಬರದ ಜೋಡಿ ಕೂಡಿ ಅಮೋನಿಯಾ ಎದ್ದಾಗ ಮಾಸ್ಕ್ ಹಾಕ್ಕೊಂಡ್ ಹೋದ್ರೂ ನನಗ ಕಣ್ಣಾಗ ನೀರು, ಎದಿ ಬಿಗಿ. ಎನ್95 ಧೂಳಿಗಷ್ಟ, ಅಮೋನಿಯಾಕ್ಕ ಅದರದ ಬ್ಯಾರೆ ಕಾರ್ಟ್ರಿಜ್ (ಗ್ಯಾಸ್ ಹೀರೋ ಡಬ್ಬಿ) ಇರೋ ಮಾಸ್ಕ್ ಬೇಕು. ನಾವಂತೂ ಬಾಗಲಾ ತಗದಿಟ್ಟು ಒಂದ ತಾಸು ಬಿಟ್ಟು ಒಳಗ ಹೋದ್ವಿ.

ಕೆನಡಾದಾಗ ಗಿಡ ಹಚ್ಚೋರು ಟೀ ಬ್ಯಾಗಿನಂಥ ಗೊಬ್ಬರದ ಪುಡಿಕಿ ಸಸಿ ಬಾಜೂಕ ಇಡ್ತಾರಂತ, ಕುಟ್ಟೋದಿಲ್ಲ, ಹೆಂಟಿ ಇಲ್ಲ, ಆದ್ರೂ ಅವ್ರಿಗೆ ಮೂಗು, ಗಂಟಲ, ಚರ್ಮದ ತ್ರಾಸು ಐತೇನು ಅಂತ ಅಲ್ಲಿ ತಪಾಸ ಮಾಡ್ಯಾರ. ನಮ್ಮನ್ನ ಯಾರೂ ಕೇಳಿಲ್ಲ ಬಿಡ್ರಿ.

ಗ್ಲೌಸಿಗೆ ಒಂದು ಸ್ಟಾರ್ ಯಾಕ ಕಟ್ ಅಂದ್ರ ಸೈಜು. ಎಲ್ಲಾ 10 ನಂಬರ್. ಹೆಣ್ಮಕ್ಳಿಗೆ ಬಟ್ಟಿನ ತುದಿ ಖಾಲಿ ಉಳಿದು ಸಸಿ ಬೇರಿನ್ಯಾಗ ಸಿಗ್ತೈತಿ, ನಮ್ಮ ಅತ್ತಿ "ಏನಪಾ, ಇದನ್ನ ಭೀಮಸೇನಗ ಹೊಲದಾರೇನು" ಅಂದು ಕುಡಗೋಲಿಲೇ ತುದಿ ಕತ್ತರಿಸಿಬಿಟ್ರು, ಈಗ ಅದೇ ಬಟ್ಟು ಮತ್ತ ಒಡದಾವು. ಅಂಗಡ್ಯಾಗ ಬದಲಿ ಕೊಡಂಗಿಲ್ಲ ಅಂದ್ರು. ಪಣಜಿ, ಫೋಂಡಾ ಕಡೆ 7 ನಂಬರ್ ಎಲ್ಲೆರ ಸಿಕ್ರ ಹೇಳ್ರಿ, ಒಂಬತ್ತು ಜೋಡಿ ಬೇಕು.