ಕ್ಸೆನಾನ್, ಆರ್ಗಾನ್, ಹೀಲಿಯಂ: ಮಿದುಳು ಉಳಿಸಲು ಮೂರನ್ನೂ ಕೊಟ್ಟು ನೋಡಿದ ಮೇಲೆ

ನಿಂತ ಹೃದಯ ಮತ್ತೆ ಬಡಿಯತೊಡಗಿದ ಕೂಡಲೇ ಅಪಾಯ ಕಳೆಯಿತು ಅನ್ನುವ ಹಾಗಿಲ್ಲ. ರಕ್ತ ಮರಳಿ ಹರಿದ ಮೇಲೂ ಮಿದುಳಿನ ನರಕೋಶಗಳು ಗಂಟೆಗಟ್ಟಲೆ, ದಿನಗಟ್ಟಲೆ ಸಾಯುತ್ತಲೇ ಇರುತ್ತವೆ. ಐಸಿಯು ತನಕ ಬಂದ ಎಷ್ಟೋ ಜನರನ್ನು ನಾವು ಕಳೆದುಕೊಳ್ಳುವುದು ಮಿದುಳಿಗಾದ ಪೆಟ್ಟಿನಿಂದ. ಆ ಹೊತ್ತಿನಲ್ಲಿ ಉಸಿರಿನ ಜೊತೆ ಜಡಾನಿಲ, ಅಂದರೆ ಬೇರೆ ವಸ್ತುಗಳ ಜೊತೆ ಸುಲಭವಾಗಿ ರಾಸಾಯನಿಕ ಕ್ರಿಯೆ ನಡೆಸದ ಅನಿಲ, ಕೊಟ್ಟರೆ ಹಾನಿ ಕಡಿಮೆಯಾಗುತ್ತದಾ? ನಮ್ಮ ಲ್ಯಾಬ್‌ನ ಕೆಲಸ ಇದೇ. ಅರಿವಳಿಕೆ ಕೊಟ್ಟ ಇಲಿಗಳಲ್ಲಿ ಮೂರು ಅನಿಲಗಳನ್ನೂ ನಾನೇ ಬಳಸಿ ನೋಡಿದ್ದೇನೆ.

ಪುರಾವೆಯ ವಿಷಯಕ್ಕೆ ಬಂದರೆ ಕ್ಸೆನಾನ್ ಎಲ್ಲರಿಗಿಂತ ಮುಂದೆ. ರಕ್ತ ಸಿಗದ ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಉಕ್ಕಿ ಬಂದು ನರಕೋಶಗಳನ್ನು ಅತಿಯಾಗಿ ಕೆರಳಿಸುತ್ತದೆ. ಕ್ಸೆನಾನ್ ನರಕೋಶದ ಮೇಲೆ ಗ್ಲುಟಮೇಟ್ ಅಂಟಿಕೊಳ್ಳುವ ಎನ್‌ಎಂಡಿಎ ರಿಸೆಪ್ಟರನ್ನು ತಡೆದು ಈ ಕೆರಳಿಕೆಯನ್ನು ತಗ್ಗಿಸುತ್ತದೆ. ಫಿನ್ಲೆಂಡ್‌ನಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತಿದ್ದ 110 ರೋಗಿಗಳ ಅಧ್ಯಯನವೊಂದು ನಡೆದು 2016ರಲ್ಲಿ ಪ್ರಕಟವಾಯಿತು. ಮಿದುಳಿನ ರಕ್ಷಣೆಗೆಂದು ಎಲ್ಲರ ಮೈಯನ್ನೂ 33 ಡಿಗ್ರಿಗೆ ತಂಪು ಮಾಡಿದ್ದರು. ಅರ್ಧ ಜನರಿಗೆ 24 ಗಂಟೆ ಕ್ಸೆನಾನ್ ಕೂಡ ಕೊಟ್ಟರು. ಎಂಆರ್‌ಐನಲ್ಲಿ ಅವರ ಮಿದುಳಿನ ಬಿಳಿ ಭಾಗಕ್ಕೆ ಕಡಿಮೆ ಹಾನಿಯಾಗಿದ್ದು ಕಂಡಿತು. ಆದರೆ ಆರು ತಿಂಗಳಲ್ಲಿ ತೀರಿಕೊಂಡವರು ಕ್ಸೆನಾನ್ ಗುಂಪಿನಲ್ಲಿ 27.3%, ಇನ್ನೊಂದರಲ್ಲಿ 34.5%. ಇಷ್ಟು ಚಿಕ್ಕ ಗುಂಪಿನಲ್ಲಿ ಈ ಅಂತರ ಆಕಸ್ಮಿಕವೂ ಇರಬಹುದು. ಸ್ಕ್ಯಾನ್ ಚೆನ್ನಾಗಿ ಬಂದ ಮಾತ್ರಕ್ಕೆ ಜೀವ ಉಳಿಯಿತು ಎಂದು ಹೇಳಲಾಗದು.

ಕೊಡುವುದೇ ಕಷ್ಟ. ಒಂದು ಕೋಟಿ ಪಾಲು ಗಾಳಿಯಲ್ಲಿ ಕ್ಸೆನಾನ್ ಒಂದು ಪಾಲೂ ಇಲ್ಲ, ಹಾಗಾಗಿ ಬೆಲೆ ಸಿಕ್ಕಾಪಟ್ಟೆ. ಹೊರಗೆ ಬಿಡದೆ ಅದನ್ನೇ ಮತ್ತೆ ಮತ್ತೆ ಸುತ್ತಿಸುವ ಮುಚ್ಚಿದ ಸರ್ಕ್ಯೂಟ್ ಬೇಕು. ಅಲ್ಲೂ ಒಂದು ತೊಡಕಿದೆ. ಮೈಯೊಳಗಿನ ನೈಟ್ರೋಜನ್ ಮೆಲ್ಲಗೆ ಹೊರಬಂದು ಸರ್ಕ್ಯೂಟ್‌ನಲ್ಲಿ ಸೇರಿಕೊಳ್ಳುತ್ತದೆ. ಕ್ಸೆನಾನ್ ಪ್ರಮಾಣ ಇಳಿಯುತ್ತಾ ಹೋಗುತ್ತದೆ. ಸರ್ಕ್ಯೂಟ್ ತೊಳೆದು ಮತ್ತೆ ತುಂಬಿಸಿದಾಗಲೆಲ್ಲ ದುಬಾರಿ ಅನಿಲ ಹಾಳು. ಜೊತೆಗೆ ಅದು ಗಾಳಿಗಿಂತ ಸುಮಾರು ನಾಲ್ಕೂವರೆ ಪಟ್ಟು ಭಾರ. ಶ್ವಾಸನಾಳ ಬಿಗಿದಿದ್ದರೆ ಒಳಗೆ ತಳ್ಳುವುದೂ ಕಷ್ಟವೇ.

ಇದರಿಂದ ಆರ್ಗಾನ್‌ಗೆ ಬಂದಾಗ ನಿಜಕ್ಕೂ ಹಾಯೆನಿಸಿತು. ಗಾಳಿಯಲ್ಲೇ 0.93% ಇದೆ, ವೆಲ್ಡಿಂಗ್ ಮಾಡುವವರು ದಿನವೂ ಬಳಸುತ್ತಾರೆ. ರೋಗಿಗೆ ವೈದ್ಯಕೀಯ ದರ್ಜೆಯದೇ ಬೇಕು, ನಿಜ. ಆದರೂ ತೆರೆದ ಸರ್ಕ್ಯೂಟ್ ಸಾಕು. 2013ರಲ್ಲಿ ಜರ್ಮನಿಯ ಆಖೆನ್‌ನ ತಂಡವೊಂದು ಹೃದಯ ನಿಂತು ಬದುಕಿದ ಇಲಿಗಳಿಗೆ ಒಂದು ಗಂಟೆ 70% ಆರ್ಗಾನ್ ಕೊಟ್ಟು, ಮಿದುಳಿನ ಹಾನಿ ಕಡಿಮೆಯಾದದ್ದನ್ನು ತೋರಿಸಿತ್ತು. ನಾವು ಇಲಿಯ ಮುಂಗಾಲಿಗೆ ಚಿಕ್ಕ ಅಂಟುಪಟ್ಟಿ ಹಚ್ಚಿ ನೋಡುತ್ತೇವೆ. ಆರೋಗ್ಯವಾಗಿರುವ ಇಲಿ ಕೂಡಲೇ ಕಾಲು ಮೂಗಿನ ಹತ್ತಿರ ತಂದು ಹಲ್ಲಿನಿಂದ ಕಿತ್ತೆಸೆಯುತ್ತದೆ. ಪೆಟ್ಟು ತಿಂದ ಇಲಿ ಪಟ್ಟಿ ಇರುವುದೇ ಗೊತ್ತಿಲ್ಲದಂತೆ ಸುಮ್ನೆ ಕೂತಿರುತ್ತದೆ. ಆರ್ಗಾನ್ ಪಡೆದ ಇಲಿಗಳು ತಡವಾಗಿಯಾದರೂ ಪಟ್ಟಿಯತ್ತ ಬಾಯಿ ಹಾಕುವುದನ್ನು ನೋಡುವುದು ನನಗೆ ಯಾವ ಗ್ರಾಫ್‌ಗಿಂತಲೂ ಹೆಚ್ಚು. ಸಾಮಾನ್ಯ ಒತ್ತಡದಲ್ಲಿ ಆರ್ಗಾನ್ ನಿದ್ದೆ ಬರಿಸುವುದಿಲ್ಲ. ಅದಕ್ಕೆ ಬೇರೆ ಔಷಧಿ ಬೇಕು. ಕೆಲಸ ಮಾಡುವ ದಾರಿಯೂ ಬೇರೆ: ಎನ್‌ಎಂಡಿಎ ಬದಲು ಉರಿಯೂತಕ್ಕೆ ಸಂಬಂಧಿಸಿದ, ಜೀವಕೋಶದ ಮೇಲಿನ ಟೋಲ್ ರಿಸೆಪ್ಟರ್‌ಗಳತ್ತ ಪ್ರಯೋಗಗಳು ಬೆರಳು ತೋರಿಸುತ್ತವೆ.

ಹೀಲಿಯಂ ಹಗುರ, ಶ್ವಾಸಕೋಶಕ್ಕೆ ಸಲೀಸು. ನೆದರ್‌ಲೆಂಡ್ಸ್‌ನಲ್ಲಿ 25 ರೋಗಿಗಳಿಗೆ ಮೂರು ಗಂಟೆ ಕೊಟ್ಟಾಗ ಅದರಿಂದ ತೊಂದರೆಯಾದದ್ದು ಕಾಣಲಿಲ್ಲ. ಆದರೆ ಅದರ ಲಾಭವನ್ನು ನಂಬಲು ನನಗೆ ಅಳುಕು. ಅದು ಶಾಖವನ್ನು ಗಾಳಿಗಿಂತ ಸುಮಾರು ಆರು ಪಟ್ಟು ವೇಗವಾಗಿ ಸಾಗಿಸುತ್ತದೆ. ಬೆಚ್ಚಗೆ ಮಾಡದೆ ಕೊಟ್ಟರೆ ಇಲಿಯ ಮೈ ತಣ್ಣಗಾಗುತ್ತಾ ಹೋಗುತ್ತದೆ. ಹೀಟಿಂಗ್ ಪ್ಯಾಡ್ ಹಾಕಿದರೂ ಥರ್ಮಾಮೀಟರ್ ಮೇಲೆ ಕಣ್ಣಿಟ್ಟೇ ಇರಬೇಕು. ತಂಪಾದ ಇಲಿಯ ಮಿದುಳು ತಂಪಿನಿಂದಲೇ ಉಳಿಯುತ್ತದೆ, ಅಲ್ವಾ? ಪಾರ್ಶ್ವವಾಯುವಿನ ಇಲಿಗಳ ಮೇಲೆ 2009ರಲ್ಲಿ ಬಂದ ಅಧ್ಯಯನವೊಂದು ಹೀಲಿಯಂನ ರಕ್ಷಣೆಗೆ ಈ ತಂಪೇ ಕಾರಣ ಎಂದಿತ್ತು.

ಸೆನ್ಸರ್‌ಗಳ ತಲೆನೋವು ಮೂರಕ್ಕೂ ಇದೆ. ಅನಿಲದ ಸಾಂದ್ರತೆ, ಶಾಖ ಸಾಗಿಸುವ ಗುಣ ಬದಲಾದರೆ ವೆಂಟಿಲೇಟರ್ ತೋರಿಸುವ ಉಸಿರಿನ ಪ್ರಮಾಣ ತಪ್ಪುತ್ತದೆ. ಉಸಿರಿನಲ್ಲಿರುವ ಅನಿಲ ಅಳೆಯುವ ಇನ್ಫ್ರಾರೆಡ್ ಅನಲೈಸರ್‌ಗಂತೂ ಇವು ಕಾಣುವುದೇ ಇಲ್ಲ.

ನನ್ನ ಆಯ್ಕೆ ಆರ್ಗಾನ್. ಮನುಷ್ಯರಲ್ಲಿ ಕ್ಸೆನಾನ್‌ಗೆ ಇರುವಷ್ಟು ಆಧಾರ ಅದಕ್ಕಿಲ್ಲ, ಗೊತ್ತು. ಆದರೆ ಚಿಕಿತ್ಸೆ ಬೇಗ ಶುರುವಾಗಬೇಕು, ಅಂದರೆ ಆಂಬ್ಯುಲೆನ್ಸ್‌ನಲ್ಲೇ ಇರಬೇಕು. ಅಷ್ಟು ಸರಳವಾಗಿ ಅಲ್ಲಿಗೆ ತಲುಪಬಲ್ಲದ್ದು ಇದೇ. ದೊಡ್ಡ ಅಧ್ಯಯನಕ್ಕೆ ಹಣ ಇದ್ದರೆ ಮೊದಲು ಇದಕ್ಕೇ ಹಾಕಬೇಕು ಅನ್ನುತ್ತೇನೆ. ಆದರೆ ಮಿದುಳು ಉಳಿಸಲೆಂದು ಇವತ್ತು ಅಧ್ಯಯನದ ಹೊರಗೆ ರೋಗಿಗೆ ಕೊಡಬಹುದಾದ ಅನಿಲ ಇವುಗಳಲ್ಲಿ ಒಂದೂ ಇಲ್ಲ.

ಅಂಥ ಅಧ್ಯಯನ ನಡೆದರೂ ಎಲ್ಲರಿಗೂ ಕೊಡಲಾಗದು. 70% ಅನಿಲ ಎಂದರೆ ಆಮ್ಲಜನಕಕ್ಕೆ ಉಳಿಯುವುದು 30% ಮಾತ್ರ. ಸಿಪಿಆರ್‌ಗೆಂದು ಎದೆ ಒತ್ತುವಾಗ ಪಕ್ಕೆಲುಬು ಮುರಿದವರಿಗೆ, ವಾಂತಿ ಶ್ವಾಸಕೋಶಕ್ಕೆ ಇಳಿದವರಿಗೆ ಅದು ಎಷ್ಟೋ ಸಲ ಸಾಲದು. ಆಮ್ಲಜನಕ ಇಳಿಯತೊಡಗಿದರೆ ಮೊದಲು ನಿಲ್ಲಿಸಬೇಕಾದದ್ದು ಆರ್ಗಾನ್ ಅನ್ನೇ.