ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ಮಣಿಪಾಲ: ಟೈಮ್ ಇಟ್ಕೊಂಡೇ ಹೋಗಿ
ಉಡುಪಿಗೆ ಬಂದವ್ರೆಲ್ಲ ಮಠ, ಮಲ್ಪೆ ಬೀಚು ಅಂತ ಓಡ್ತಾರೆ, ಈ ಕಡೆ ತಲೆ ಹಾಕುದೇ ಕಮ್ಮಿ ಮಾರ್ರೆ. ಬ್ಯಾಂಕಲ್ಲಿ ಕೆಲ್ಸದಲ್ಲಿದ್ದ ವಿಜಯನಾಥ ಶೆಣೈ ಅವ್ರು ಹಾಳಾಗಿ ಹೋಗ್ತಿದ್ದ ಹಳೇ ಮನೆಗಳನ್ನ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿ ನಿಲ್ಸಿದ್ದು. ಕುಂಜೂರು ಚೌಕಿಮನೆ, ಮಂಗ್ಳೂರು ಕ್ರಿಶ್ಚಿಯನ್ನರ ಮನೆ, ದಖನಿ ನವಾಬ್ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಎಲ್ಲ ಒಂದೇ ಕಡೆ ಉಂಟು. ನಂಗೆ ಜಾಸ್ತಿ ಇಷ್ಟ ಆದದ್ದು ಚೌಕಿಮನೆ, ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಮರದ ಕಂಬದ ಕೆತ್ತನೆ ಹತ್ರ ಹೋಗಿ ನೋಡ್ಲಿಕ್ಕೆ ನಿಂತ್ರೆ ಅಲ್ಲಿಂದ ಕದಲ್ಲಿಕ್ಕೇ ಮನ್ಸಾಗುದಿಲ್ಲ, ನವಾಬ್ ಮಹಲಿನ ಗೌಜಿ ಬೇರೆ ಲೆವೆಲ್ ಬಿಡಿ, ಆದ್ರೂ ನನ್ನ ವೋಟು ಇದಕ್ಕೇ. ಸಣ್ಣ ಮಕ್ಳಿಗೆ ಬೋರ್ ಆಗ್ಬಹುದು, ಅಜ್ಜಿಯಂದಿರಿಗೆ ಮಾತ್ರ ಹಬ್ಬ. ಟೈಮಿಂಗು, ಟಿಕೆಟ್ ರೇಟು ಮೊದ್ಲೇ ಫೋನ್ ಮಾಡಿ ಕೇಳ್ಕೊಂಡು ಹೋಗಿ.