ದೈತ್ಯ ಕುಂಬಳದ ಬಳ್ಳಿ ಸೀಳಿದರೆ: ಒಣಗಿಸುವುದೋ, ಕಟ್ಟುವುದೋ, ಮುಲಾಮು ಹಚ್ಚುವುದೋ, ಕತ್ತರಿಸುವುದೋ?

ಅಟ್ಲಾಂಟಿಕ್ ಜೈಂಟ್ ಎಂಬ ದೈತ್ಯ ಕುಂಬಳದ ಬೀಜ ಹಾಕಿದವರು ಮೊದಲು ಬಿಡಬೇಕಾದದ್ದು ಊರ ಕುಂಬಳದ ಅಭ್ಯಾಸ. ನಮ್ಮ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಹಬ್ಬುವ ಸಿಹಿಗುಂಬಳ ಬಹುಪಾಲು ಮೊಸ್ಕಾಟಾ ಜಾತಿಯದು. ಅದರ ಬಳ್ಳಿ ಗಟ್ಟಿ, ಏಣೇಣು, ಕೊರಕ ಹುಳಕ್ಕೂ ಸುಲಭಕ್ಕೆ ಬಗ್ಗದು. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹಾವರ್ಡ್ ಡಿಲ್ ರೂಪಿಸಿದ ಈ ದೈತ್ಯ ತಳಿ ಮ್ಯಾಕ್ಸಿಮಾ ಜಾತಿಯದು. ಬಳ್ಳಿ ದುಂಡಗೆ, ಮೆತ್ತಗೆ, ಒಳಗೆ ಪೊಳ್ಳು, ಮೈತುಂಬ ನೀರು. ಸೀಗಿ ಹುಣ್ಣಿಮೆಯ ಪಲ್ಯಕ್ಕೆ ಬೆಳೆಯುವ ಕುಂಬಳದ ಬಳ್ಳಿ ಎತ್ತಿನ ಕಾಲಿಗೆ ಸಿಕ್ಕರೂ ಮೂರು ದಿನಕ್ಕೆ ತಲೆ ಎತ್ತೀತು, ಇದು ಎತ್ತುವುದಿಲ್ಲ. ಸಗಣಿ ಮೆತ್ತುವುದು, ಬಟ್ಟೆ ಸುತ್ತುವುದು ಮುಂತಾದ ಮದ್ದುಗಳು ಅಲ್ಲಿ ಕೈಹಿಡಿದು ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಧಾರವಾಡದ ಮಸಾರಿ (ಕೆಂಪು) ನೆಲ, ಗದಗ ಕಡೆಯ ಎರೆ (ಕಪ್ಪು) ನೆಲ ಎರಡರಲ್ಲೂ ಈ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಯಾವುದು ಎಲ್ಲಿ ನಿಂತಿತು, ಎಲ್ಲಿ ಸೋತಿತು ಎಂಬುದಷ್ಟೇ ಇಲ್ಲಿದೆ.

ಮದ್ದಿಗಿಂತ ಮೊದಲು ಗಾಯ ನೋಡಬೇಕು. ಕುಂಬಳದ ಬಳ್ಳಿಯಲ್ಲಿ ನೀರು, ಆಹಾರ ಸಾಗಿಸುವ ನಾಳದ ಕಟ್ಟುಗಳು ಸಾಮಾನ್ಯವಾಗಿ ಹತ್ತು: ಹೊರಗಿನ ಸುತ್ತಿನಲ್ಲಿ ಐದು, ಒಳಗಿನ ಸುತ್ತಿನಲ್ಲಿ ಐದು. ಎಲ್ಲವೂ ಉದ್ದಕ್ಕೆ ಓಡುತ್ತವೆ, ಒಂದಕ್ಕೊಂದು ಸರಿಯಾಗಿ ಕೂಡುವುದು ಗೆಣ್ಣಿನಲ್ಲಿ. ಹಾಗಾಗಿ ಉದ್ದಕ್ಕೆ ಬಿದ್ದ ಸೀಳು ನೋಡಲಿಕ್ಕೆ ಭಯಂಕರ, ಆದರೆ ನಾಳಗಳು ಉಳಿದಿರುತ್ತವೆ. ಅಂಗೈ ಉದ್ದದ ಸೀಳಿನಿಂದ ಒಳಗಿನ ಪೊಳ್ಳು ಕಂಡರೂ ಬಳ್ಳಿ ಬದುಕುತ್ತದೆ. ಅಡ್ಡಕ್ಕೆ ಮುರಿದದ್ದು ಬೇರೆಯೇ ಮಾತು. ಅರ್ಧಕ್ಕಿಂತ ಹೆಚ್ಚು ಕತ್ತರಿಸಿದ್ದರೆ, ಬಲಿತ ಬಳ್ಳಿಯಲ್ಲಿ ಆ ನಾಳಗಳು ಮತ್ತೆ ಕೂಡುತ್ತವೆಂದು ಕಾಯುವುದು ವ್ಯರ್ಥ. ಕಸಿ ಕೂಡುವುದು ಎಳೆ ಸಸಿಯಲ್ಲಿ, ಹೆಬ್ಬೆರಳು ದಪ್ಪದ ಬಳ್ಳಿಯಲ್ಲಲ್ಲ.

ಪರೀಕ್ಷೆ ಸರಳ. ಗಾಯದ ಆಚೆಗಿನ ಎಲೆಗಳನ್ನು ನಡುಮಧ್ಯಾಹ್ನ ನೋಡಿ, ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಮತ್ತೆ ನೋಡಿ. ಮಧ್ಯಾಹ್ನ ಜೋತು ಬಿದ್ದು ಸಂಜೆಗೆ ನೆಟ್ಟಗಾದರೆ ಉಳಿದ ನಾಳಗಳು ಸಾಕು. ಬೆಳಿಗ್ಗೆಯೂ ಜೋತೇ ಇದ್ದರೆ ಆ ತುಂಡು ಹೋದಂತೆಯೇ. ನೀರು ಹೆಚ್ಚು ಬಿಟ್ಟು ಎಬ್ಬಿಸಲು ಹೋದರೆ ಕೊಳೆ ಮಾತ್ರ ಬೇಗ ಬರುತ್ತದೆ.

ಬರೀ ಒಣಗಿಸಿ ಬಿಡುವುದು ಎಲ್ಲಕ್ಕಿಂತ ಅಗ್ಗದ ದಾರಿ, ಉದ್ದ ಸೀಳಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿಯೂ ಅದೇ. ಲೋಳೆಯಾದ, ಕಂದು ಬಣ್ಣಕ್ಕೆ ತಿರುಗಿದ ಭಾಗವನ್ನು ಹೊಸ ಬ್ಲೇಡಿನಿಂದ ಗಟ್ಟಿ ತಿರುಳು ಸಿಗುವವರೆಗೆ ಹೆರೆದು ತೆಗೆಯಿರಿ. ಪ್ರತಿ ಸಲ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗಾಯಕ್ಕೆ ನೆರಳು ಮಾಡುವ ಎರಡೋ ಮೂರೋ ಎಲೆ ತೆಗೆಯಿರಿ. ಎಲೆಯ ತೊಟ್ಟನ್ನು ಬಳ್ಳಿಯ ಮೈಗೆ ತಾಗುವಂತೆ ಕತ್ತರಿಸಬಾರದು: ತೊಟ್ಟೂ ಪೊಳ್ಳು, ಅದರಲ್ಲಿ ನಿಂತ ನೀರು ನೇರ ಗೆಣ್ಣಿಗೆ ಇಳಿಯುತ್ತದೆ. ನಾಲ್ಕೈದು ಸೆಂಟಿಮೀಟರ್ ಮೋಟು ಬಿಟ್ಟರೆ ಅದು ತಾನೇ ಒಣಗಿ ಉದುರುತ್ತದೆ. ಆಮೇಲೆ ಬಳ್ಳಿಯ ಕೆಳಗೆ ಹಂಚಿನ ಚೂರು ಕೊಟ್ಟು ನೆಲದಿಂದ ಮೇಲೆತ್ತಿ, ಸೀಳಿನ ಬಾಯಿ ಸಾಧ್ಯವಾದಷ್ಟು ಕೆಳಮುಖವಾಗುವಂತೆ ಇಡಿ. ಡ್ರಿಪ್ ತೂತು ಗಾಯದಿಂದ ಒಂದು ಅಡಿಯಾದರೂ ದೂರ ಇರಲಿ. ಒಣಹವೆಯಲ್ಲಿ ಮೂರು ನಾಲ್ಕು ದಿನಕ್ಕೆ ಅಂಚಿನಲ್ಲಿ ಬೆಂಡಿನಂಥ ಬೂದು ಪೊರೆ ಕಟ್ಟಿದರೆ ಕೆಲಸ ಮುಗಿಯಿತು.

ಈ ದಾರಿ ಸೋಲುವುದು ಧಾರವಾಡದ ಜುಲೈ, ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ. ಗಾಳಿಯೇ ಒದ್ದೆಯಾಗಿರುವಾಗ ಗಾಯ ಒಣಗುವುದಿಲ್ಲ. ಆಗ ನಾಲ್ಕು ಗೂಟದ ಮೇಲೆ ಪಾಲಿಥಿನ್ ಹಾಳೆಯ ಸಣ್ಣ ಮಾಡು ಬೇಕು, ಪಕ್ಕಗಳು ಪೂರ್ತಿ ತೆರೆದಿರಬೇಕು. ಪಕ್ಕ ಮುಚ್ಚಿದರೆ ಒಳಗೆ ಬೆವರಿ ಮಾಡಿನ ಲಾಭವೆಲ್ಲ ಹೋಗುತ್ತದೆ. ಮನೆ ಹಿತ್ತಲಾದರೆ ಬುಡದ ಗಾಯಕ್ಕೆ ಟೇಬಲ್ ಫ್ಯಾನ್ ಇಟ್ಟರೆ ಯಾವ ಔಷಧಿಗೂ ಕಡಿಮೆಯಿಲ್ಲ, ಆದರೆ ಫ್ಯಾನು ಮತ್ತು ವೈರಿನ ಜೋಡಣೆ ಮಾಡಿನ ಕೆಳಗೇ ಇರಲಿ. ಇದೇ ತಳಿಯನ್ನು ಅಕ್ಟೋಬರ್ ಕೊನೆಗೆ ಹಾಕಿದರೆ ಈ ತಾಪತ್ರಯ ಅರ್ಧಕ್ಕೆ ಇಳಿಯುತ್ತದೆ.

ಕಟ್ಟುವುದು, ಅಂದರೆ ಟೇಪು, ಬಟ್ಟೆ, ಕಸಿ ಪಟ್ಟಿ. ಮೊದಲು ಎಲ್ಲರಿಗೂ ಹೊಳೆಯುವುದು ಇದೇ, ಹೆಚ್ಚು ಕೆಡಿಸುವುದೂ ಇದೇ. ಟೇಪಿನ ಕೆಳಗೆ ರಸ ನಿಲ್ಲುತ್ತದೆ, ಬಿಸಿಲಿಗೆ ಬಿಸಿಯಾಗುತ್ತದೆ, ಮೂರನೇ ದಿನ ಬಿಚ್ಚಿದರೆ ಹುಳಿ ವಾಸನೆ. ಬಳ್ಳಿ ದಪ್ಪವಾಗುತ್ತಾ ಹೋಗುವುದರಿಂದ ಬಿಗಿ ಪಟ್ಟಿ ಕತ್ತನ್ನೂ ಹಿಸುಕುತ್ತದೆ. ಪಟ್ಟಿಗೆ ಒಂದೇ ಒಂದು ಜಾಗ ಇದೆ: ಬಳ್ಳಿ ಅಡ್ಡಕ್ಕೆ ಸ್ವಲ್ಪ ಮಡಚಿಕೊಂಡು, ಮುಕ್ಕಾಲು ಭಾಗ ಗಟ್ಟಿಯಿರುವಾಗ. ಆಗಲೂ ಗಾಯದ ಮೇಲೆ ಕಟ್ಟಬೇಡಿ. ಒಂದು ಗೇಣು ಬಿದಿರು ಸೀಳನ್ನು ಪಕ್ಕಕ್ಕೆ ಆನಿಸಿ, ಗಾಯದ ಈಚೆ ಒಂದು ಕಟ್ಟು, ಆಚೆ ಒಂದು ಕಟ್ಟು, ಹಳೆಯ ಹತ್ತಿ ಬಟ್ಟೆಯ ಎರಡು ಬೆರಳಗಲದ ಪಟ್ಟಿಯಲ್ಲಿ ಸಡಿಲವಾಗಿ ಹಾಕಿ. ಇದು ಗಾಳಿಗೆ ಮತ್ತೆ ಮಡಚದಂತೆ ತಡೆಯುವ ಆಸರೆ ಮಾತ್ರ. ಎಂಟು ಹತ್ತು ದಿನಕ್ಕೆ ಬಿಚ್ಚಿಬಿಡಿ.

ಮುಲಾಮುಗಳಲ್ಲಿ ಸಗಣಿ, ಕೆಮ್ಮಣ್ಣಿನ ಲೇಪಕ್ಕೆ ಮಾವಿನ ಮರದ ಗಾಯದಲ್ಲಿ ಮರ್ಯಾದೆ ಇದೆ. ಈ ಬಳ್ಳಿಯಲ್ಲಿ ಅದು ತೇವ ಹಿಡಿದಿಟ್ಟು ಸೂಕ್ಷ್ಮಾಣುಗಳಿಗೆ ಊಟ ಹಾಕುತ್ತದೆ. ಒಲೆಬೂದಿ ತೇವ ಹೀರುತ್ತದೆ, ಎಳೆಯ ಕುಡಿ ಚಿವುಟಿದ ಸಣ್ಣ ಗಾಯಕ್ಕೆ ಸಾಕು, ಮಳೆಗೆ ನಿಲ್ಲುವುದಿಲ್ಲ. ಗಂಧಕದ ಪುಡಿ ಬೇಡ: ಕುಂಬಳದ ಕುಟುಂಬಕ್ಕೆ ಗಂಧಕ ಆಗಿಬರುವುದಿಲ್ಲ, ಉಷ್ಣಾಂಶ 32 ಡಿಗ್ರಿ ದಾಟಿದರೆ ಎಲೆಯ ಅಂಚು ಸುಡುತ್ತದೆ, ನಮ್ಮ ಕಡೆ ಫೆಬ್ರುವರಿಯಲ್ಲೇ ಅದು ದಾಟುತ್ತದೆ.

ನಂಬಬಹುದಾದದ್ದು ತಾಮ್ರ. ಬೋರ್ಡೋ ಮುಲಾಮಿಗೆ 100 ಗ್ರಾಂ ಮೈಲುತುತ್ತನ್ನು (ಕಾಪರ್ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರು ತಣ್ಣಗಾದ ಮೇಲೆ ಸೋಸಿ, ಎರಡನ್ನೂ ಒಟ್ಟಿಗೆ ಮೂರನೇ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯುತ್ತಾ ಕದಡಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಉಳಿದಿದೆ ಎಂದರ್ಥ, ಸುಣ್ಣದ ನೀರು ಇನ್ನಷ್ಟು ಹಾಕಿ. ಹುಳಿ ಉಳಿದ ಮುಲಾಮು ಬಳ್ಳಿಯನ್ನೇ ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು, ನಾಳೆಗೆ ಇಟ್ಟರೆ ತಳಕಟ್ಟಿ ಅಂಟು ಹೋಗುತ್ತದೆ. ಒಂದೇ ಬಳ್ಳಿಗೆ ಇಷ್ಟು ರಗಳೆ ಬೇಡವೆಂದರೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿದರೂ ನಡೆಯುತ್ತದೆ. ನಮ್ಮ ಹೋಲಿಕೆಯಲ್ಲಿ ಎರಡಕ್ಕೂ ಹೇಳುವಂಥ ಅಂತರ ಕಾಣಲಿಲ್ಲ. ಯಾವುದಾದರೂ ಗಾಯಕ್ಕೆ ಮಾತ್ರ ಬ್ರಶ್‌ನಿಂದ ತೆಳ್ಳಗೆ ಹಚ್ಚಿ, ಕುಡಿಗೆ ತಾಗಿಸಬೇಡಿ, ಕೈಗವಸು ಹಾಕಿಕೊಳ್ಳಿ.

ಇಲ್ಲಿ ಬಹಳ ಜನ ಎಡವುವುದು ಕ್ರಮದಲ್ಲಿ. ತಾಮ್ರ ಮೇಲ್ಮೈಯನ್ನು ಕಾಯುತ್ತದೆ, ಒಳಗೆ ಇಳಿದು ಗುಣಪಡಿಸುವುದಿಲ್ಲ. ಒದ್ದೆ ಗಾಯಕ್ಕೆ ದಪ್ಪಗೆ ಬಳಿದರೆ ಮೇಲೆ ನೀಲಿ ಹೊಪ್ಪಳೆ, ಕೆಳಗೆ ಕೊಳೆ. ಒಂದು ದಿನ ಒಣಗಿಸಿ ಆಮೇಲೆ ಹಚ್ಚಬೇಕು. ಬುಡದಲ್ಲಿ ಬಿಳಿ ನೊರೆ ಉಕ್ಕಿ ಹುಳಿ ನಾತ ಬಂದರೆ ಒಳಗೆ ಬ್ಯಾಕ್ಟೀರಿಯಾ ಕೆಲಸ ಶುರುವಾಗಿದೆ, ಅಲ್ಲಿ ಹೆರೆಯದೆ ಮುಲಾಮು ಹಚ್ಚುವುದು ಶುದ್ಧ ದಂಡ.

ಮಣ್ಣು ಮುಚ್ಚುವುದು ಈ ಬಳ್ಳಿಯ ನಿಜವಾದ ವಿಮೆ, ಆದರೆ ಗಾಯಕ್ಕಲ್ಲ. ಪ್ರತಿ ಗೆಣ್ಣಿನಲ್ಲೂ ಬೇರು ಒಡೆಯುವ ಗುಣ ಇದಕ್ಕಿದೆ. ಗಾಯದ ಆಚೆಗಿನ ಮೂರು ನಾಲ್ಕು ಗಟ್ಟಿ ಗೆಣ್ಣುಗಳ ಕೆಳಗೆ ನಾಲ್ಕು ಬೆರಳಾಳ ಮಣ್ಣು ಸಡಿಲಿಸಿ, ಹುಡಿ ಗೊಬ್ಬರ ಬೆರೆಸಿ, ಗೆಣ್ಣು ಕೂರಿಸಿ ಮುಚ್ಚಿ ತೇವ ಇಟ್ಟರೆ ವಾರ ಹತ್ತು ದಿನದಲ್ಲಿ ಬೇರು ಹಿಡಿಯುತ್ತದೆ. ಆಮೇಲೆ ಗಾಯದ ಆಚೆಗಿನ ಬಳ್ಳಿ ತನ್ನ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಗಾಯವನ್ನೇ ಮಣ್ಣಲ್ಲಿ ಮುಚ್ಚುವ ಪದ್ಧತಿಯೂ ಉಂಟು, ವಿಶೇಷವಾಗಿ ಕೊರಕ ಹುಳ ತೆಗೆದ ಸೀಳಿಗೆ. ಮರಳು ಬೆರೆತ ಮಸಾರಿಯಲ್ಲಿ ಅದು ಕೆಲವೊಮ್ಮೆ ನಡೆಯುತ್ತದೆ. ಎರೆಯಲ್ಲಿ ನಡೆಯುವುದಿಲ್ಲ: ನೀರು ಬಿಟ್ಟರೆ ಗಾಳಿ ಆಡದು, ಒಣಗಿದರೆ ನೆಲ ಬಾಯಿಬಿಟ್ಟು ಹೊಸ ಬೇರನ್ನು ಹರಿಯುತ್ತದೆ. ಎರೆ ಹೊಲದವರು ಪ್ರತಿ ಗೆಣ್ಣಿನ ಕೆಳಗೆ ಒಂದು ಬುಟ್ಟಿ ಕೊಳೆತ ಎಲೆಗೊಬ್ಬರ, ಮರಳು ಸಮ ಬೆರೆಸಿ ಹಾಕಿ ಅದರ ಮೇಲೆ ಹೊಟ್ಟು ಹೊದಿಸುವುದು ಒಳ್ಳೆಯದು.

ಕೊರಕದ ಗುರುತು ಬಳ್ಳಿಯ ಮೇಲೆ ಅಂಟು, ಅದರ ಜೊತೆ ಮರದಪುಡಿಯಂಥ ಹಿಕ್ಕೆ. ತೂತಿನಿಂದ ಉದ್ದಕ್ಕೆ ಮಾತ್ರ ಸೀಳಿ ಹುಳ ತೆಗೆಯಿರಿ, ಅಡ್ಡ ಕೊಯ್ದರೆ ಹುಳ ಮಾಡದ ಹಾನಿ ಬ್ಲೇಡು ಮಾಡುತ್ತದೆ. ಅಂಟು ಇದ್ದು ಹಿಕ್ಕೆ ಇಲ್ಲದಿದ್ದರೆ ಅಂಟುಕಾಂಡ ಎಂಬ ಶಿಲೀಂಧ್ರ ರೋಗದ ಸಂಶಯ ಪಡಿ, ಸೀಳಲು ಹೋಗಬೇಡಿ.

ಕತ್ತರಿಸಬೇಕೋ ಎಂಬುದನ್ನು ಗಾಯ ನಿರ್ಧರಿಸುವುದಿಲ್ಲ, ಕಾಯಿ ಎಲ್ಲಿದೆ ಎಂಬುದು ನಿರ್ಧರಿಸುತ್ತದೆ. ಕಾಯಿಯ ಆಚೆ, ಕುಡಿಯ ಕಡೆ ಮುರಿದಿದ್ದರೆ ಯೋಚನೆ ಬೇಡ, ಕತ್ತರಿಸಿ. ರಾಣೇಬೆನ್ನೂರು ಸುತ್ತ ಕೃಷ್ಣಮೃಗ ನುಗ್ಗಿದರೆ ಹೋಗುವುದು ಬಹುಪಾಲು ಈ ಕುಡಿಗಳೇ. ಕಾಯಿ ಕೂರುವ ಮೊದಲೇ ಮುಖ್ಯ ಬಳ್ಳಿ ಮುರಿದರೆ, ಗಾಯದ ಹಿಂದಿನ ಎರಡು ಮೂರು ಗೆಣ್ಣಿನೊಳಗಿನ ದಪ್ಪ ಕವಲನ್ನು ಮುಖ್ಯ ಬಳ್ಳಿ ಮಾಡಿಕೊಳ್ಳಿ. ಎರಡು ಮೂರು ವಾರ ತಡವಾಗುತ್ತದೆ, ಕಾಯಿ ಸಿಗುತ್ತದೆ. ಕವಲನ್ನು ತಿರುಗಿಸುವ ಕೆಲಸ ಮಧ್ಯಾಹ್ನದ ಮೇಲೆ, ಬಳ್ಳಿ ಸ್ವಲ್ಪ ಬಾಡಿದಾಗ ಮಾಡಿ, ದಿನಕ್ಕೆ ಒಂದು ಗೇಣಿನಷ್ಟೇ. ಬೆಳಿಗ್ಗೆ ನೀರು ತುಂಬಿದ ಬಳ್ಳಿ ಪಟಕ್ಕನೆ ಮುರಿಯುತ್ತದೆ.

ಕತ್ತರಿಸುವುದಾದರೆ ಇಬ್ಬನಿ ಆರಿದ ಮೇಲೆ, ಬಿಸಿಲಿನ ದಿನ, ಗೆಣ್ಣಿನಿಂದ ಮೂರು ನಾಲ್ಕು ಸೆಂಟಿಮೀಟರ್ ಆಚೆ, ಓರೆಯಾಗಿ, ಬಾಯಿ ಕೆಳಗಾಗುವಂತೆ. ಮೇಲ್ಮುಖದ ಪೊಳ್ಳು ಬಾಯಿಯಲ್ಲಿ ಒಂದು ಮಳೆಯ ನೀರು ನಿಂತರೆ ಸಾಕು, ಕೊಳೆ ಗೆಣ್ಣಿಗೆ ಇಳಿಯುತ್ತದೆ. ಕಾಯಿ ಭರದಿಂದ ಉಬ್ಬುವಾಗ ಹಲವು ಕವಲುಗಳನ್ನು ಒಂದೇ ದಿನ ಕತ್ತರಿಸಬಾರದು. ಬೇರು ಎಳೆದ ನೀರೆಲ್ಲ ಒಮ್ಮೆಲೇ ಕಾಯಿಗೆ ನುಗ್ಗಿ ಅದು ಸೀಳಬಹುದು. ಪೋಟಿಗೆ ಇಡುವವರಿಗೆ ಇದು ದೊಡ್ಡ ಮಾತು, ಒಳಗಿನ ಪೊಳ್ಳಿನವರೆಗೆ ತೂತು ಬಿದ್ದ ಕಾಯಿಯನ್ನು ವಿದೇಶದ ತೂಕದ ಸ್ಪರ್ಧೆಗಳಲ್ಲಿ ಎಣಿಕೆಗೇ ಹಿಡಿಯುವುದಿಲ್ಲ.

ಬುಡ ಮತ್ತು ಕಾಯಿಯ ನಡುವೆ ಗಾಯವಾಗಿದ್ದರೆ ಕತ್ತಿ ಕೆಳಗಿಡಿ. ಗಾಯ ಮತ್ತು ಕಾಯಿಯ ನಡುವೆ ಬೇರು ಬಿಟ್ಟ ಗೆಣ್ಣು ಎಷ್ಟಿವೆ ಎಂದು ನೋಡಿ. ಎಂಟು ಹತ್ತು ಇದ್ದರೆ ಬುಡ ಪೂರ್ತಿ ಕೊಳೆತರೂ ಕಾಯಿ ಬೆಳೆಯುತ್ತಲೇ ಇರುತ್ತದೆ. ಎರಡೋ ಮೂರೋ ಇದ್ದರೆ ಒಣಗಿಸುವುದು, ತಾಮ್ರ, ಆಚೆಗಿನ ಗೆಣ್ಣುಗಳಿಗೆ ಮಣ್ಣು, ಮೂರನ್ನೂ ಒಂದೇ ವಾರದಲ್ಲಿ ಮಾಡಬೇಕು.

ಗಾಯ ಕಾಯಿಯ ತೊಟ್ಟಿನ ಬುಡದಲ್ಲೇ ಆದರೆ ಮೇಲಿನ ಯಾವ ದಾರಿಯೂ ಹೊಂದುವುದಿಲ್ಲ. ಕಾಯಿ ಉಬ್ಬುತ್ತಾ ಹೆಗಲು ಮೇಲೇರಿ ಬಳ್ಳಿಯನ್ನು ಎತ್ತುತ್ತದೆ, ಬೇರು ಕೆಳಗೆ ಹಿಡಿದಿರುತ್ತದೆ, ನಡುವೆ ತೊಟ್ಟು ಹರಿಯುತ್ತದೆ. ಕಾಯಿಯ ಎರಡೂ ಬದಿ ಎರಡೆರಡು ಅಡಿಯವರೆಗಿನ ಗೆಣ್ಣು ಬೇರುಗಳನ್ನು ಬ್ಲೇಡಿನಿಂದ ಬಿಡಿಸಿ, ಬಳ್ಳಿಯನ್ನು ಕಾಯಿಯಿಂದ ಆಚೆ ಬಾಗುವಂತೆ ಸ್ವಲ್ಪ ಸ್ವಲ್ಪವೇ ಸರಿಸಿ, ಎತ್ತಿದ ಭಾಗದ ಕೆಳಗೆ ಗೋಣಿಚೀಲದ ಮಡಿಕೆ ಕೊಡಿ, ಕಾಯಿ ಏರಿದಂತೆ ಮಡಿಕೆಯನ್ನೂ ಏರಿಸುತ್ತಾ ಹೋಗಿ.